ಉಪ್ಪಡ್ ಕೇಳಿದ ಕ್ಯಾಪ್ಟನ್

ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಭರಣಿಯ ಬಾಯಿ ಬಿಚ್ಚಿದಾಗ ಏಳುವ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ನಮ್ಮ ತುಳುವಿನಲ್ಲಿ ಅದು ಉಪ್ಪಡ್. ಮೊನ್ನೆ ಮೂಡುಬಿದಿರೆಯ ನಮ್ಮ ಮನೆಯಲ್ಲಿ ನಾನು ಆ ಭರಣಿಗೆ ಕೈ ಹಾಕಿದ್ದಾಗಲೇ, ಮಿಜಾರಿನಲ್ಲಿ ಓದುತ್ತಿರುವ ಅಕ್ಕನ ಮಗಳು ಶ್ರಾವ್ಯ ದಪ್ಪದೊಂದು ಕಾದಂಬರಿ ಹಿಡಿದು ಅಡುಗೆಮನೆಗೆ ಬಂದಳು.

ಅವಳಿಗೊಂದು ಚಾಳಿ. ಮಾಯಾಲೋಕದ ಕಾದಂಬರಿ ಬರೆಯುವವರು ತಾವು ಎಳವೆಯಲ್ಲಿ ಟಿ.ವಿ.ಯಲ್ಲಿ ನೋಡಿದ ಅಂತರಿಕ್ಷದ ಧಾರಾವಾಹಿಗಳನ್ನು ಗುಟ್ಟಾಗಿ ಕಥೆಯೊಳಗೆ ಅಡಗಿಸಿಡುತ್ತಾರಂತೆ. ಮಾತಾಡುವ ಗಿಳಿ ಎಂದರೆ ರೋಬೋಟು, ಮಂತ್ರದ ಕನ್ನಡಿ ಎಂದರೆ ಗಗನನೌಕೆಯ ಪರದೆ. ಅವಳಂಥ ಓದುಗರು ಅವನ್ನು ಹೆಕ್ಕಿ ಮೊಬೈಲಿನಲ್ಲಿ ಹಂಚಿಕೊಳ್ಳುತ್ತಾರೆ. ಅಕ್ಕಿಯಲ್ಲಿನ ಕಲ್ಲು ಹೆಕ್ಕಲೂ ಬಾರದ ನನಗೆ ಇದೆಲ್ಲ ದೊಡ್ಡ ವಿದ್ಯೆಯೇ.

"ಚಿಕ್ಕಮ್ಮ, ಇದೊಂದು ಯಾರಿಗೂ ಗೊತ್ತಾಗ್ಲಿಲ್ಲ. ರಾಣಿಯ ಹಡಗು ಆಕಾಶಕ್ಕೆ ಏಳ್ಬೇಕಾದ್ರೆ ಉಪ್ಪಡ್ ಭರಣಿ ತೆರೀಬೇಕಂತೆ. ಎಂತ ಅದರ ಗುಟ್ಟು?"

ಉಪ್ಪೆಂದರೆ ಕಡಲು, ಕಡಲೆಂದರೆ ತಾಯಿ ಎಂದೆಲ್ಲ ಯಾರೋ ಅರ್ಥ ಹಚ್ಚಿದ್ದರಂತೆ. ನನ್ನ ಕೈ ಭರಣಿಯೊಳಗೇ ನಿಂತುಬಿಟ್ಟಿತು.

ನಿಮ್ಮನ್ನೀಗ ಘಟ್ಟದ ಬುಡದಲ್ಲಿರುವ, ನನ್ನ ಎಳವೆಯ ಕಕ್ಕಿಂಜೆಗೆ ಕರೆದೊಯ್ಯಬೇಕು. ಅಲ್ಲಿ ನನ್ನ ದೊಡ್ಡಮ್ಮನ ಮನೆಯಲ್ಲಿ ಟಿ.ವಿ. ಇತ್ತು, ಆದರೆ ಘಟ್ಟ ಅಡ್ಡ ನಿಂತು ಚಿತ್ರವನ್ನು ಒಳಗೆ ಬಿಡುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಹಿಂದಿಯ ಅಂತರಿಕ್ಷ ಧಾರಾವಾಹಿ ಬರುವಾಗ ಯಾರಾದರೂ ಅಂಗಳದಲ್ಲಿ ಆಂಟೆನಾದ ಬಿದಿರನ್ನು ಹಿಡಿದು ತಿರುಗಿಸುತ್ತಿರಬೇಕು. ಉದ್ದ ಬೆಳೆದ ತಪ್ಪಿಗೆ ಆ ಕೆಲಸ ನನ್ನದಾಯಿತು. ಒಳಗಿನಿಂದ "ಬಂತು", "ಹೋಯ್ತು" ಎಂದು ಕೂಗುತ್ತಿದ್ದವಳು ಪಕ್ಕದ ಮನೆಯ ನರ್ಸಮ್ಮನ ಮಗಳು ಲಲಿತಾ. ಹಾಗಾಗಿ ಆ ಧಾರಾವಾಹಿಯನ್ನು ನಾನು ಒಂದು ದಿನವೂ ನೋಡಿದವಳಲ್ಲ. ಮುಗಿದ ಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಅವಳು ಕಥೆ ಹೇಳುತ್ತಿದ್ದಳು. ಪರದೆಯಲ್ಲಿ ಬರೀ ಚುಕ್ಕಿ ಸುರಿದ ಕಡೆಯಲ್ಲೆಲ್ಲ ತಾನೇ ಕಟ್ಟಿ ಹೇಳುತ್ತಿದ್ದಳು. ನಿಜವಾದ ಧಾರಾವಾಹಿ ಅಷ್ಟು ಚೆನ್ನಾಗಿ ಇತ್ತೋ ಇಲ್ಲವೋ.

ನೌಕೆ ಏಳುವಾಗ ಅದರ ಕ್ಯಾಪ್ಟನ್ ಬೆರಳೆತ್ತಿ "ಊಪರ್, ಊಪರ್" ಎನ್ನುತ್ತಿದ್ದನಂತೆ. ಮೇಲಕ್ಕೆ ಎಂದು ಅರ್ಥ. ಹಿಂದಿಯ ಗಂಧವಿಲ್ಲದ ದೊಡ್ಡಮ್ಮ ಅದನ್ನು ಕೇಳಿ, "ಪಾಪ, ಆಯಗ್ ಉಪ್ಪಡ್ ಬೋಡುಗೆ" ಎಂದಿದ್ದರು. ಅವನಿಗೆ ಉಪ್ಪಡ್ ಬೇಕಂತೆ! ಗಂಜಿಗೆ ನಂಜಿಕೊಳ್ಳಲು ಏನೂ ಇಲ್ಲದೆ ಅಷ್ಟು ದೂರ ಹೊರಟಿದ್ದಾನಲ್ಲ ಎಂದು ಅವರು ನಿಜವಾಗಿಯೂ ಮರುಗಿದರು. ಲಲಿತಾ ಹೊರಗೆ ಓಡಿ ಬಂದು ನನಗಿದನ್ನು ಹೇಳಿದಾಗ ನಗು ತಡೆಯದೆ ನಾನು ಬಿದಿರನ್ನೇ ಬಿಟ್ಟಿದ್ದೆ.

ಆಮೇಲೆ ಅವಳ ಅಮ್ಮನಿಗೆ ವರ್ಗವಾಯಿತು. ಅವಳಿಂದ ಸುದ್ದಿಯೇ ಬರಲಿಲ್ಲ. ಬಿದಿರು ಹಿಡಿದವಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡದ್ದೇ ಬಂತು, ನೋವು ಇಷ್ಟು ವರ್ಷವೂ ಹೋಗಲಿಲ್ಲ.

ಆ ಕಾದಂಬರಿಯಲ್ಲಿ ಬಿದಿರು ಹಿಡಿದವರು ಯಾರಾದರೂ ಇದ್ದಾರೆಯೇ ಎಂದು ಶ್ರಾವ್ಯಳನ್ನು ಕೇಳಿದೆ. ಅವಳು ಕಣ್ಣರಳಿಸಿದಳು. ಇದ್ದಾಳಂತೆ. ಕೋಟೆಯ ಹೊರಗೆ ಒಬ್ಬ ಹುಡುಗಿ. ಅವಳ ಬಿದಿರಿನ ತುದಿಯಲ್ಲಿ ಮೀನಿನ ಮುಳ್ಳು. ಅವಳು ತಿರುಗಿಸಿದರೆ ಒಳಗಿನವರಿಗೆ ಬೇರೆ ಲೋಕಗಳು ಕಾಣುತ್ತವೆ, ಕೈ ಸೋತರೆ ಆಕಾಶದಿಂದ ನುಚ್ಚಕ್ಕಿ ಸುರಿಯುತ್ತದೆ. ಅವಳಿಗೆ ಮಾತ್ರ ಏನೂ ಕಾಣುವುದಿಲ್ಲ.

"ಕೊನೆಗೆ ಅವಳು ಎಂತ ಆಗ್ತಾಳೆ?" ಎಂದು ಕೇಳಿದೆ.

ಶ್ರಾವ್ಯ ಕೊನೆಯ ಪುಟ ತೆಗೆದು ಓದಿದಳು. ರಾಣಿ ಕೋಟೆಯಿಂದ ಇಳಿದು ಬಂದು ಆ ಹುಡುಗಿಯ ಕೈಯಿಂದ ಬಿದಿರನ್ನು ತೆಗೆದುಕೊಳ್ಳುತ್ತಾಳೆ. "ಸಾಕು, ಇನ್ನು ನಾನು ಹಿಡೀತೇನೆ. ನೀನು ಒಳಗೆ ಹೋಗಿ ನೋಡು."

ಪುಸ್ತಕದ ಮೇಲಿದ್ದದ್ದು ಕಾವ್ಯನಾಮ, ಫೋಟೋ ಇರಲಿಲ್ಲ. ಬರೆದವಳು ಯಾರೆಂದು ತಿಳಿಯಲು ನನಗೆ ಅವು ಬೇಕಾಗಿಯೂ ಇರಲಿಲ್ಲ. ಕಣ್ಣು ಒರೆಸಿಕೊಳ್ಳಲು ಹೋಗಿ ಉಪ್ಪಿನ ಕೈ ತಾಗಿ ಇನ್ನಷ್ಟು ಉರಿಯಿತು. ಕಥೆಯೆಲ್ಲ ಕೇಳಿದ ಶ್ರಾವ್ಯ, ಇದನ್ನು ಎಲ್ಲರಿಗೂ ಬರೆದು ಹಾಕಲೇ ಎಂದಳು.

"ಉಪ್ಪಡ್" ಎಂದೆ. ತುಳುವಿನಲ್ಲಿ ಆ ಮಾತಿಗೆ 'ಇರಲಿ ಬಿಡು' ಎಂಬ ಅರ್ಥವೂ ಇದೆ.

ಕೈ ತೊಳೆದು, ಪುಸ್ತಕವನ್ನು ಮೊದಲ ಪುಟದಿಂದ ಓದತೊಡಗಿದೆ. ಭರಣಿಯನ್ನು ಮುಚ್ಚಲಿಲ್ಲ.