ಮಗ್ಗದ ಖೋಲಿಯಲ್ಲಿ ತೂಗುಬಿಟ್ಟ ಸೈಕಲ್ಲುಗಳು

ನಾವು ಹುಡುಗರಾಗಿದ್ದಾಗ ಇಳಕಲ್ಲಿನಲ್ಲಿ ಸ್ವಂತ ಸೈಕಲ್ ಇದ್ದವನ ಹಿಂದೆ ಓಣಿಯ ಅರ್ಧ ಹುಡುಗರು ಓಡುತ್ತಿದ್ದರು. ಉಳಿದವರಿಗೆಲ್ಲ ತಾಸಿನ ಲೆಕ್ಕದ ಬಾಡಿಗೆ ಸೈಕಲ್ಲು. ಸೀಟು ನಮಗೆ ಎಟುಕುತ್ತಿರಲಿಲ್ಲ. ಚೌಕಟ್ಟಿನ ನಡುವೆ ಬಲಗಾಲು ತೂರಿಸಿ, ಮೈಯನ್ನೆಲ್ಲ ಒಂದು ಕಡೆ ವಾಲಿಸಿ, ಅರ್ಧರ್ಧ ಪೆಡಲ್ ತುಳಿಯುತ್ತ ಬಸ್‌ಸ್ಟ್ಯಾಂಡಿನ ತನಕ ಹೋಗಿ ಬರುತ್ತಿದ್ದೆವು. ಮೊಣಕಾಲಿಗೆ ಗಾಯವಿಲ್ಲದ ಹುಡುಗನೆಂದರೆ ಸೈಕಲ್ ಬಾರದ ಹುಡುಗ. ನನ್ನ ವಯಸ್ಸಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಈಗ ಒಮ್ಮೆ ಮೊಣಕಾಲು ಸವರಿಕೊಂಡಾರು.

ಆ ಬೇಸಿಗೆ ನಮ್ಮ ಮನೆಗೆ ಒಂದೇ ಸಲ ಐದು ಸೈಕಲ್ಲು ಬಂದವು. ಅವ್ವನ ತಮ್ಮ, ನಮ್ಮ ಮಾಮಾ, ಹುನಗುಂದದಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟಿದ್ದ. ಬಾಗಲಕೋಟೆಯಲ್ಲಿ ನೌಕರಿ ಸಿಕ್ಕಿತೆಂದು ಅಂಗಡಿ ಮುಚ್ಚಿ, ಸೈಕಲ್ಲುಗಳನ್ನೂ ನಟ್ಟು ಬಿಚ್ಚುವ ಪಾನಾ, ಪಂಪು, ಪಂಕ್ಚರ್ ಸಾಮಾನಿನ ಪೆಟ್ಟಿಗೆಯನ್ನೂ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ನಮ್ಮ ಬಾಗಿಲಿಗೆ ಬಂದ.

"ಎಲ್ಲಿ ಇಡೂದೋ ಮಾರಾಯಾ?" ಅಂದ ಅಪ್ಪ. "ಪಡಸಾಲ್ಯಾಗ ನನ್ನ ಮಗ್ಗ, ಹಿಂದಿನ ಖೋಲ್ಯಾಗ ನೀಲವ್ವನ ಮಗ್ಗ. ನಾವ ಕಾಲು ಮಡಚಿ ಮಲಗತೀವಿ."

"ಸಂಗ್ಯಾಗ ಎಲ್ಲಾ ಕಲಿಸೀನಿ ಮಾವಾರ. ಇಲ್ಲೇ ಮನ್ಯಾಗ ರಿಪೇರಿ ಮಾಡ್ಕೊಂಡು, ಬಾಡಿಗಿ ಕೊಟಗೊಂಡು ಇರ್ಲಿ. ಸಾಲಿ ಸೂಟಿ ಐತಿ, ಇಲ್ಲಾಂದ್ರ ಕಾಲುವಿ ದಂಡಿ ಅಲಿತಾನ."

ಸಂಗ್ಯಾ ಅಂದರೆ ನಾನು. ಹಿಂದಿನ ಎರಡು ಸೂಟಿಗಳನ್ನು ಹುನಗುಂದದಲ್ಲೇ ಕಳೆದು ಪಂಕ್ಚರ್ ತಿದ್ದುವುದು, ಚೈನು ಕೂಡಿಸುವುದು, ಸೊಟ್ಟಾದ ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಬಿಗಿದು ನೆಟ್ಟಗೆ ಮಾಡುವುದು ಕಲಿತಿದ್ದೆ. ನನಗೆ ಬಾರದ್ದು ಏನೂ ಇಲ್ಲವೆಂದು ನಾನು ನಂಬಿದ್ದೆ; ಬಹಳ ಮಟ್ಟಿಗೆ ಅದು ಖರೆಯೂ ಆಗಿತ್ತು.

"ನೆಲದ ಮ್ಯಾಲೆ ಜಾಗಾ ಇಲ್ಲಂದ್ರ ತೊಲಿ ಮ್ಯಾಲೆ ಐತಲ್ರಿ?" ಅಂದೆ.

"ನೋಡ್ರೆವಾ, ಇಂಜಿನೀರ ಬಂದಾನ!" ಅವ್ವ ರೊಟ್ಟಿ ಬಡಿಯುತ್ತ ಒಳಗಿನಿಂದಲೇ ಕೂಗಿದಳು.

ಅಪ್ಪ ನಗಲಿಲ್ಲ. ತಲೆ ಎತ್ತಿ ತೊಲೆಗಳನ್ನು ನೋಡಿದ. ಆ ನೋಟದಲ್ಲೇ ನಾನು ಗೆದ್ದೆ.

ನಮ್ಮದು ಕುಣಿಮಗ್ಗ. ನೆಲದಲ್ಲಿ ಸೊಂಟದ ಆಳದ ಕುಣಿ ತೋಡಿ, ಅದರ ಅಂಚಿಗೆ ಕುಳಿತು, ಕಾಲು ಕೆಳಗೆ ಇಳಿಬಿಟ್ಟು ನೇಯುವುದು. ಮುಂದೆ ಹಾಸಿನ ಎಳೆಗಳು ಖೋಲಿಯ ಉದ್ದಕ್ಕೂ ಹಾದು, ಆಚೆ ಗೋಡೆಯ ಬದಿಯ ಕಂಬಕ್ಕೆ ಹಗ್ಗದಲ್ಲಿ ಬಿಗಿದಿರುತ್ತವೆ. ನೇಯ್ದಂತೆಲ್ಲ ಆ ಹಗ್ಗವನ್ನು ಇಷ್ಟಿಷ್ಟೇ ಸಡಿಲಿಸಬೇಕು. ಅದಕ್ಕೊಂದು ಗಂಟಿದೆ: ಒಂದು ತುದಿ ಎಳೆದರೆ ಜಾರುತ್ತದೆ, ಬಿಟ್ಟರೆ ಕಚ್ಚಿಕೊಳ್ಳುತ್ತದೆ. ನಾನು ಅದೇ ಗಂಟನ್ನು ಸೈಕಲ್ಲಿಗೆ ಹಾಕಿದೆ. ಹಳೆಯ ಮಗ್ಗದ ಹಗ್ಗ ತೊಲೆಯ ಮೇಲೆ ದಾಟಿಸಿ, ಸೀಟಿಗೊಂದು ಹ್ಯಾಂಡಲ್ಲಿಗೊಂದು ಕಟ್ಟಿ ಎಳೆದರೆ ಸೈಕಲ್ಲು ಸರಸರ ಮೇಲೇರಿ ನಿಲ್ಲುತ್ತಿತ್ತು. ಎರಡು ಪಡಸಾಲೆಯಲ್ಲಿ, ಮೂರು ಹಿಂದಿನ ಖೋಲಿಯಲ್ಲಿ. ರಿಪೇರಿಗೆ ಹಿತ್ತಲಿನ ಬೇವಿನ ಗಿಡದ ನೆರಳು. ಪಂಕ್ಚರ್ ಹುಡುಕಲು ನೀರು ತುಂಬಿದ ಕಬ್ಬಿಣದ ಬುಟ್ಟಿ, ಗೋಡೆಗೆ ಮೊಳೆ ಹೊಡೆದು ಸಾಲಾಗಿ ಪಾನಾಗಳು, ಒಡೆದ ಮಡಕೆಯ ತಳದಲ್ಲಿ ಚೈನು ತೊಳೆಯಲು ಚಿಮಣಿ ಎಣ್ಣೆ. ಓಣಿಯ ಮಂದಿ ಬಾಡಿಗೆಗಿಂತ ಹೆಚ್ಚಾಗಿ ಆ ತೂಗುವ ಸೈಕಲ್ಲುಗಳನ್ನು ನೋಡಲು ಬಂದರು.

ಅಪ್ಪ ಹಾಕಿದ್ದು ಒಂದೇ ಕಟ್ಟಳೆ. "ಎಣ್ಣಿ ಹಾಕೂದಿದ್ರ ಕೆಳಗ ಇಳಿಸಿ, ಹಿತ್ತಲಕ್ಕ ಒಯ್ದು ಹಾಕಬೇಕು. ಒರಸದ ಸೈಕಲ್ಲು ಮ್ಯಾಲೆ ಏರಬಾರದು. ಕೆಳಗ ಸಾವಕಾರನ ರೇಷ್ಮಿ ಇರತೈತಿ."

"ಗೊತ್ತೈತ್ರಿ," ಅಂದೆ.

ಇನ್ನು ಅಕ್ಕನ ಮಾತು. ನೀಲವ್ವ ನನಗಿಂತ ನಾಲ್ಕು ವರ್ಷ ದೊಡ್ಡವಳು. ನಮ್ಮ ಬಳಗದಲ್ಲಿ ಹೆಣ್ಣುಮಕ್ಕಳು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದರು, ನೂಲಿಗೆ ಗಂಜಿ ಹಾಕುತ್ತಿದ್ದರು, ಕುಣಿಗೆ ಇಳಿಯುತ್ತಿರಲಿಲ್ಲ. ಅಕ್ಕ ಹಟ ಹಿಡಿದು ಇಳಿದಿದ್ದಳು. ಅವಳ ಕೈ ನೋಡಿದ ಮೇಲೆ ಅಪ್ಪ ಆ ವರ್ಷ ಹಿಂದಿನ ಖೋಲಿಯಲ್ಲಿ ಅವಳಿಗಾಗಿಯೇ ಮಗ್ಗ ಹೂಡಿಕೊಟ್ಟಿದ್ದ. ಬಳಗದವರು, "ಮಗಳನ್ನ ಕುಣ್ಯಾಗ ಕೂಡ್ಸೀಯಲ್ಲೋ" ಎಂದು ಆಡಿಕೊಂಡರೆ, "ಸೀರಿ ನೋಡಿ ಮಾತಾಡ್ರಿ" ಎನ್ನುತ್ತಿದ್ದ.

ಇಳಕಲ್ ಸೀರೆಯ ಜೀವ ಇರುವುದು ಒಡಲಿಗೆ ಸೆರಗು ಕೂಡಿಸುವಲ್ಲಿ. ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಅದರ ಒಂದೊಂದು ಕುಣಿಕೆಯಲ್ಲಿ ಇದರ ಒಂದೊಂದು ಕುಣಿಕೆ ಸಿಕ್ಕಿಸಿ ಜೋಡಿಸಬೇಕು. ಇದಕ್ಕೆ ಟೋಪಿ ತೆನಿ ಎನ್ನುತ್ತಾರೆ. ಅದುವರೆಗೆ ಅಪ್ಪ ಪಕ್ಕದಲ್ಲಿ ಕೂತು ಕೂಡಿಸುತ್ತಿದ್ದ. ಆ ಸಲ, "ಇದನ್ನ ನೀನ ಒಬ್ಬಾಕಿ ಮಾಡು. ಬರೋಬ್ಬರಿ ಆತಂದ್ರ ಈ ಮಗ್ಗ ನಿಂದು, ನಾ ಇನ್ನ ಹಣಕಿ ಹಾಕೂದಿಲ್ಲ," ಎಂದಿದ್ದ. ಅಕ್ಕ ಉಣ್ಣುವಾಗಲೂ ಬೆರಳು ಆಡಿಸುತ್ತಿದ್ದಳು, ಗಾಳಿಯಲ್ಲಿ ಕುಣಿಕೆ ಕೂಡಿಸುವಂತೆ.

"ಅಕ್ಕಾ, ರೊಟ್ಟಿ ಬಿದ್ದೀತು," ಎಂದು ನಾನು ಕಾಡಿದರೆ, "ನಿನ್ನ ಸೈಕಲ್ಲು ನನ್ನ ತಲಿ ಮ್ಯಾಲೆ ಬೀಳದಿದ್ರ ಸಾಕಲೇ," ಎನ್ನುತ್ತಿದ್ದಳು.

ಅಮಾವಾಸ್ಯೆ ಬಂತು. ಅಮಾವಾಸ್ಯೆಯ ದಿನ ನೇಕಾರರ ಮನೆಯಲ್ಲಿ ಮಗ್ಗ ನಡೆಯುವುದಿಲ್ಲ. ಅಂದು ಎರೆದುಕೊಳ್ಳುವುದು, ಹೋಳಿಗೆ ಮಾಡುವುದು. ಕೂದಲು ಒಣಗಿದ ಮೇಲೆ ಅವ್ವ ಅಕ್ಕನ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಹೆರಳು ಹಾಕಿದಳು. ಎಣ್ಣೆ ಹಚ್ಚಿದ ತಲೆಯಲ್ಲಿ ರೇಷ್ಮೆಯ ಹತ್ತಿರ ಸುಳಿಯಬಾರದೆಂಬುದು ನಮ್ಮ ಮನೆಯಲ್ಲಿ ಕೂಸಿಗೂ ಗೊತ್ತಿತ್ತು. ಆದರೆ ಮಧ್ಯಾಹ್ನ ಉಂಡು ಎಲ್ಲರೂ ಮಲಗಿದ ಮೇಲೆ ಅಕ್ಕ ತಡೆದುಕೊಳ್ಳಲಾರದೆ, ತಲೆಗೆ ವಸ್ತ್ರ ಸುತ್ತಿಕೊಂಡು, ಹಿಂದಿನ ಖೋಲಿಗೆ ಹೋಗಿ ಉಳಿದ ಕುಣಿಕೆಗಳನ್ನೆಲ್ಲ ಕೂಡಿಸಿ ಮುಗಿಸಿದಳು. ಮುಗಿಸಿ ಬಂದವಳು ನನ್ನ ಕಿವಿ ಹಿಂಡಿ, "ಆತಲೇ ಸಂಗ್ಯಾ! ಒಂದ ಎಳಿ ತಪ್ಪಿಲ್ಲ. ಅಪ್ಪಗ ನಾಳೆ ನಾನ ತೋರಸ್ತೇನಿ, ನೀ ಬಾಯಿ ಬಿಡಬ್ಯಾಡ," ಎಂದು ನೆರೆಮನೆಗೆ ಓಡಿದಳು.

ಅವಳು ಹೋದ ಮೇಲೆ ನಾನು ಖೋಲಿಗೆ ಹೋದೆ. ನನಗೆ ಸಂಜೆಗೆ ಒಂದು ಸೈಕಲ್ಲು ಬೇಕಿತ್ತು. ಗೆಳೆಯರೊಂದಿಗೆ ಜಿದ್ದಿನ ಸೈಕಲ್ ಪಂದ್ಯವಿತ್ತು. ಹಿಂದಿನ ಗಾಲಿಯ ಫ್ರೀವೀಲು ಕಿರಗುಟ್ಟುತ್ತಿತ್ತು. ಮಷಿನ್ ಎಣ್ಣೆಯ ಡಬ್ಬಿ ಖಾಲಿಯಾಗಿತ್ತು. ಗೋಡೆಯ ಗೂಡಿನಲ್ಲಿ ಅವ್ವ ಇಟ್ಟ ಕೊಬ್ಬರಿ ಎಣ್ಣೆಯ ಬಾಟ್ಲಿ ಕಂಡಿತು. ಇಳಿಸಿ ಹಿತ್ತಲಿಗೆ ಒಯ್ಯುವುದು, ಮತ್ತೆ ಒರೆಸುವುದು ಯಾರಿಗೆ ಬೇಕು? ಕುಣಿಯ ಬದಿಯ ಗೂಟದ ಮೇಲೆ ಕಾಲಿಟ್ಟು ನಿಂತು, ತೂಗುತ್ತಿದ್ದ ಸೈಕಲ್ಲಿಗೇ ಎಣ್ಣೆ ಸುರಿದೆ. ಪೆಡಲ್ ತಿರುಗಿಸಿದೆ. ಚಕ್ರ ಸದ್ದಿಲ್ಲದೆ ತಿರುಗಿತು. ಖುಷಿಯಾಯಿತು. ಸ್ವಲ್ಪ ಹೊತ್ತು ಎಣ್ಣೆ ಹೀರಲಿ ಎಂದು ಬಿಟ್ಟು, ಸಂಜೆ ಬಂದು ಇಳಿಸಿಕೊಂಡು ಹೋದೆ. ಪಂದ್ಯ ಗೆದ್ದೆ. ಕೆಳಗೆ ನೋಡಲೇ ಇಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಅಪ್ಪನನ್ನು ಕೈಹಿಡಿದು ಕರೆದುಕೊಂಡು ಹೋದಳು. ನಾನೂ ಹಿಂದೆ ಹೋದೆ. ಸೆರಗಿನ ಕೆಂಪು ರೇಷ್ಮೆಯ ಮೇಲೆ ಅಂಗೈ ಅಗಲದ ಕಪ್ಪು ಕಲೆ. ಸುತ್ತ ಸಣ್ಣ ಸಣ್ಣ ಹನಿಗಳು. ಅಪ್ಪ ಬಾಗಿ ಮೂಸಿ ನೋಡಿದ.

"ಕೊಬ್ರಿ ಎಣ್ಣಿ," ಅಂದ.

ಆಮೇಲೆ ತಲೆ ಎತ್ತಿ ಬರಿದಾಗಿದ್ದ ಹಗ್ಗ ನೋಡಿ, ನನ್ನ ಕಡೆ ತಿರುಗಿದ. "ಸಂಗ್ಯಾ, ಮ್ಯಾಲೆ ಎಣ್ಣಿ ಹಾಕಿದಿ ಏನು?"

ನಾನು ಓಡಿಹೋಗಿ ಮಷಿನ್ ಎಣ್ಣೆಯ ಡಬ್ಬಿ ತಂದು ಅವನ ಮುಂದೆ ಬೋರಲು ಹಾಕಿದೆ. "ಎಣ್ಣಿ ಮುಗದು ಭಾಳ ದಿನ ಆತ್ರಿ ಅಪ್ಪಾ. ನೋಡ್ರಿ ಬೇಕಾದ್ರ."

ನಾನು ಆಡಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಅಷ್ಟು ದೊಡ್ಡ ಸುಳ್ಳನ್ನು ಜೀವನದಲ್ಲಿ ನಾನು ಮತ್ತೆ ಆಡಿಲ್ಲ.

ಅಪ್ಪ ಅಕ್ಕನನ್ನು ನೋಡಿದ. "ನಿನ್ನೆ ಇಲ್ಲಿ ಕುಂತಿದ್ದೇನು?"

ಅಕ್ಕ ಮುಚ್ಚಿಡಲಿಲ್ಲ. "ಕುಂತಿದ್ದೆರಿ. ತಲಿಗೆ ವಸ್ತ್ರ ಸುತ್ತಿಕೊಂಡಿದ್ದೆ."

"ಅಮಾಸಿ ದಿನ! ಎಣ್ಣಿ ತಲ್ಯಾಗ!" ಅವ್ವ ಎದೆ ಬಡಿದುಕೊಂಡಳು. "ವಸ್ತ್ರ ಎಲ್ಲಿ ಉಳೀತೈತೆ ನಿನ್ನ ತಲಿ ಮ್ಯಾಲೆ! ಬಗ್ಗಿ ಬಗ್ಗಿ ಮಾಡೀದಿ, ಹೆರಳು ಮುಂದ ಬಿದ್ದೈತಿ!"

ಅಕ್ಕ ತನ್ನ ಹೆರಳನ್ನು ಹಿಡಿದು ಮೂಗಿಗೆ ಒತ್ತಿಕೊಂಡಳು. ಆಮೇಲೆ ಬಗ್ಗಿ ಹಾಸನ್ನು ಮೂಸಿದಳು. ಎರಡೂ ಒಂದೇ ವಾಸನೆ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಆಗ ನನಗಿದ್ದ ಭಯ ಏಟಿನದಲ್ಲ. ಸೈಕಲ್ಲುಗಳನ್ನು ಅಪ್ಪ ಅವತ್ತೇ ಬಾಗಲಕೋಟೆಗೆ ಕಳಿಸಿಬಿಡುತ್ತಾನೆ, ನನ್ನ ಕಾರಖಾನೆ ಹೋಗುತ್ತದೆ ಎಂಬುದೊಂದೇ.

ಅಪ್ಪ ರೇಷ್ಮೆ ಕೊಟ್ಟ ಸಾವಕಾರನ ಮುಂದೆ ತಲೆ ತಗ್ಗಿಸಿ ನಿಂತು ಬಂದ. ಬೈಯಲಿಲ್ಲ, ಹೊಡೆಯಲಿಲ್ಲ. "ನೀ ಇನ್ನ ಕಂಡಿಕಿ ಸುತ್ತವಾ ನೀಲೂ. ರೇಷ್ಮಿ ನಿನ್ನ ಕೈಯಾಗ ಬ್ಯಾಡ," ಎಂದಷ್ಟೇ ಅಂದ. ವಾರದೊಳಗೆ ಮಗ್ಗದ ಕಟ್ಟಿಗೆಗಳನ್ನು ಬಿಚ್ಚಿ ಅಟ್ಟಕ್ಕೆ ಏರಿಸಿದ. ಬಳಗದವರು, "ನಾವು ಮೊದಲ ಅಂದಿದ್ವಿ" ಎಂದರು. ಅಪ್ಪ ಈ ಸಲ ಎದ್ದು ತನ್ನ ಮಗ್ಗದ ಕುಣಿಗೆ ಇಳಿದ.

ಖೋಲಿ ನನ್ನದಾಯಿತು.

ನಾನು ಇಲ್ಲಿ ಏನನ್ನೂ ಮುಚ್ಚಿಡಬಾರದು. ಆ ಖೋಲಿಯಂಥ ಸೈಕಲ್ ರಿಪೇರಿ ಜಾಗವನ್ನು ಜೀವನದಲ್ಲಿ ನಾನು ಮತ್ತೊಂದು ಕಾಣಲಿಲ್ಲ. ಕುಣಿಯಲ್ಲಿ ಇಳಿದು ನಿಂತರೆ ಅಂಚಿನ ಮೇಲೆ ನಿಲ್ಲಿಸಿದ ಸೈಕಲ್ಲಿನ ಪೆಡಲ್ಲು, ಚೈನು ನೇರ ಎದೆಯ ಮಟ್ಟಕ್ಕೆ ಬರುತ್ತಿದ್ದವು. ಬೆನ್ನು ಬಗ್ಗಿಸುವ ಕೆಲಸವೇ ಇಲ್ಲ. ಹಾಸು ಬಿಗಿಯುತ್ತಿದ್ದ ಕಂಬಕ್ಕೆ ಗಾಲಿ ಸಿಕ್ಕಿಸಿ ಕಡ್ಡಿ ಬಿಗಿಯುತ್ತಿದ್ದೆ. ಬೇಸಿಗೆ ಮುಗಿಯುವಷ್ಟರಲ್ಲಿ ಆಚೆ ಓಣಿಯವರೂ ಸೈಕಲ್ಲು ತರತೊಡಗಿದರು. ಪಂಕ್ಚರ್ ಅಂಟಿಸುವ ಸುಲೂಷನ್ನಿನ ಆ ಖಾರ ವಾಸನೆ, ಹಸಿ ರಬ್ಬರು, ಬುಟ್ಟಿಯ ನೀರಿನಲ್ಲಿ ಟ್ಯೂಬು ಬಿಡುವ ಗುಳ್ಳೆ, ನಡುವೆ ಅವ್ವ ಕೊಡುತ್ತಿದ್ದ ಉಪ್ಪು ಖಾರ ಸವರಿದ ಮಾವಿನಕಾಯಿ ಹೋಳು, ಎಲ್ಲವೂ ಹಿತವಾಗಿತ್ತು. ಪಡಸಾಲೆಯಲ್ಲಿ ಅಕ್ಕ ರಾಟಿ ತಿರುಗಿಸುತ್ತ ಕಂಡಿಕೆ ಸುತ್ತುತ್ತಿದ್ದಳು. ಅದರ ಸಪ್ಪಳ ನನಗೆ ಕೇಳುತ್ತಿತ್ತು. ಕೇಳಿದರೂ ಕೈ ನಿಲ್ಲುತ್ತಿರಲಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಅದೇ ಕಸುಬು ಹಿಡಿದೆ. ಪೇಟೆಯಲ್ಲಿ ಅಂಗಡಿ ಹಾಕಿದೆ, ಮಕ್ಕಳನ್ನು ಓದಿಸಿದೆ, ಮನೆ ಕಟ್ಟಿದೆ. ನನ್ನ ಕೈಯಲ್ಲಿ ನೆಟ್ಟಗಾಗದ ಗಾಲಿ ಇಳಕಲ್ಲಿನಲ್ಲಿ ಇರಲಿಲ್ಲ. ಅಕ್ಕನನ್ನು ಹುನಗುಂದಕ್ಕೆ ಕೊಟ್ಟರು. ಅಲ್ಲಿ ಹೊಲಮನೆ ಇತ್ತು, ಮಗ್ಗ ಇರಲಿಲ್ಲ.

ಹೋದ ಬೇಸಿಗೆ ಅವಳನ್ನು ನೋಡಲು ಹೋಗಿದ್ದೆ. ಕಟ್ಟೆಯ ಮೇಲೆ ಕೂತು ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಹುಡುಗಿ ಪಕ್ಕದಲ್ಲಿ ಹರವಿದ್ದ ಸೀರೆಯ ಕಡೆ ವಾಲಿದಳು. ಅಕ್ಕ ಅವಳನ್ನು ಈಚೆಗೆ ಎಳೆದು, "ಸರೀ ಕೂಡು ಕೂಸ. ನಾ ಹಿಂಗ ಎಣ್ಣಿ ತಲ್ಯಾಗ ಹೋಗಿ ಒಂದ ಸೆರಗ ಹಾಳ ಮಾಡಿಟ್ಟೀನಿ," ಎಂದಳು. ಇಷ್ಟು ವರ್ಷದ ಮೇಲೂ ನಿನ್ನೆ ನಡೆದದ್ದನ್ನು ಹೇಳುವಂತೆ.

ಅವಳಿಗೆ ಎಲ್ಲೋ ಒಂದು ಸಂಶಯ ಇದ್ದೀತು ಎಂದು ನಾನು ಅಷ್ಟು ದಿನ ಸಮಾಧಾನ ಮಾಡಿಕೊಂಡಿದ್ದೆ. ಇರಲಿಲ್ಲ. ಅವಳು ನಂಬಿದ್ದಳು.

"ಅದು ನಿನ್ನ ತಲಿ ಎಣ್ಣಿ ಅಲ್ಲಕ್ಕಾ," ಅಂದೆ. ಗೂಡಿನ ಬಾಟ್ಲಿ, ತೂಗುತ್ತಿದ್ದ ಸೈಕಲ್ಲು, ಖಾಲಿ ಡಬ್ಬಿ, ಎಲ್ಲವನ್ನೂ ಹೇಳಿದೆ.

ಅವಳು ಹೆರಳು ಹಾಕುವುದನ್ನು ನಿಲ್ಲಿಸಲಿಲ್ಲ. ತುದಿಯವರೆಗೆ ಹೆಣೆದು, ರಿಬ್ಬನ್ನು ಕಟ್ಟಿ, ಹುಡುಗಿಯನ್ನು ಆಟಕ್ಕೆ ಕಳಿಸಿದಳು.

"ಅವತ್ತ ಹೇಳಿದ್ರ ಏನಾಗ್ತಿತ್ತಲೇ? ಅಪ್ಪ ಎರಡು ಬಾರಸ್ತಿದ್ದ. ಸಂಜಿಗೆ ತಾನ ಕರದು ಉಣ್ಣಾಕ ಕೂಡಸ್ಕೊಂತಿದ್ದ."

"ಹೌದಕ್ಕಾ."

"ಅವ್ವ ಸಾಯೂ ಮುಂದ ಸೈತ ಅದನ್ನ ಅಂದ್ಲು. 'ನೀಲೂ, ನೀ ಅವತ್ತೊಂದಿನ ತಡದಿದ್ರ ನಿನ್ನ ಮಗ್ಗ ಉಳೀತಿತ್ತಲ್ಲವಾ' ಅಂದ್ಲು. ನಾ ಹೂಂ ಅಂದೆ. ತಪ್ಪಾತು ಬೇ ಅಂದೆ." ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಿತ್ತು. "ಈಗ ಯಾರ ಮುಂದ ಹೋಗಿ ಹೇಳ್ಲೋ ಸಂಗಪ್ಪಾ, ನಂದಲ್ಲ ಅಂತ?"

ಜೀವನದಲ್ಲಿ ಮೊದಲ ಸಲ ಅವಳು ನನ್ನನ್ನು ಸಂಗಪ್ಪಾ ಎಂದಳು.

ನಮ್ಮ ಮನೆಯಲ್ಲಿ ಇಂದು ಸೆರಗು ಕೂಡಿಸಬಲ್ಲ ಒಂದು ಕೈಯೂ ಇಲ್ಲ. ಅಕ್ಕ ನೇಯುತ್ತ ಉಳಿದಿದ್ದರೆ ಸೊಸೆಯಂದಿರಿಗೆ, ಮೊಮ್ಮಕ್ಕಳಿಗೆ ಕಲಿಸುತ್ತಿದ್ದಳು. ಅವಳು ನೇಯಬೇಕಾಗಿದ್ದ ಸೀರೆಗಳನ್ನು ಯಾರೂ ಉಡಲಿಲ್ಲ. ಅದೆಲ್ಲ ಹೋಯಿತು, ತಂದುಕೊಡಲಾರೆ. ಆದರೆ ಅವಳು ಕೇಳಿದ ಪ್ರಶ್ನೆಗೆ ನನ್ನ ಕೈಲಾದ ಉತ್ತರ ಇದೊಂದೇ. ಅಪ್ಪ ಇಲ್ಲ, ಅವ್ವ ಇಲ್ಲ, ಬಾಗಿಲಲ್ಲಿ ನಿಂತು ಆಡಿಕೊಂಡ ಬಳಗದವರಲ್ಲಿ ಒಬ್ಬರೂ ಇಲ್ಲ. ಆದ್ದರಿಂದ, ಓದುತ್ತಿರುವ ನೀವೇ ಅವರ ಜಾಗದಲ್ಲಿ ನಿಂತು ಕೇಳಿಸಿಕೊಳ್ಳಿರಿ: ಆ ಎಣ್ಣೆ ನಮ್ಮ ನೀಲವ್ವಕ್ಕನ ತಲೆಯದಲ್ಲ. ಅವಳು ಕೂಡಿಸಿದ ಸೆರಗಿನಲ್ಲಿ ಒಂದೆಳೆಯೂ ತಪ್ಪಿರಲಿಲ್ಲ.