ಮಗಳಿಗೆ ಕುರ್ಚಿ ಮಾಡಿಕೊಟ್ಟ ಆಚಾರ್ರು

ಹೋದ ತಿಂಗಳು ಶೃಂಗೇರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಮಳಿಗೆಯಲ್ಲಿ ಯಾರೋ ಹಲಸಿನ ಹಲಗೆ ಕೀಸುತ್ತಿದ್ದರು. ಆ ಸಿಹಿ ವಾಸನೆಗೆ ನಮ್ಮೂರು ಕಿಗ್ಗದ ಬಡಗಿ ಆಚಾರ್ರು ನೆನಪಾದರು. ಜೊತೆಗೆ ಸಿಟ್ಟೂ ಬಂತು... ಅವರ ಮೇಲಲ್ಲ.

ನನ್ನ ಮಗಳು ಹುಟ್ಟಿದ ಕೂಡಲೇ ಅಳಲಿಲ್ಲ. ವರ್ಷ ತುಂಬಿದರೂ ಕತ್ತು ನಿಲ್ಲಲಿಲ್ಲ. ಕೈಕಾಲು ಕಟ್ಟಿಗೆಯಂತೆ ಸೆಟೆದುಕೊಳ್ಳುತ್ತಿದ್ದವು. ತೋರಿಸಿದ ವೈದ್ಯರೆಲ್ಲ "ಕೆಲವು ಮಕ್ಕಳು ತಡ, ಕಾಯಿರಿ" ಎಂದರು. ಬಸುರಿಯಾಗಿದ್ದಾಗ ಗ್ರಹಣದ ಹೊತ್ತು ಹೊರಗೆ ಬಂದಿರಬೇಕು ಎಂದು ನೆಂಟರು ನನ್ನನ್ನೇ ದೂರಿದರು. ತಾಯತ ಕಟ್ಟಿದೆವು, ಎಣ್ಣೆ ತಿಕ್ಕಿದೆವು. ಹೀಗೆ ನಾಲ್ಕು ವರ್ಷ ಹಾಳಾಯಿತು.

ಕೊನೆಗೆ ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಮಾಡುವ ಒಬ್ಬರು ಅದರ ಹೆಸರು ಹೇಳಿದರು: ಸೆರೆಬ್ರಲ್ ಪಾಲ್ಸಿ. ಮಿದುಳಿಗೆ ಪೆಟ್ಟಾಗಿದೆ, ಪೂರ್ತಿ ವಾಸಿಯಾಗುವುದಿಲ್ಲ; ಆದರೆ ದಿನಾ ಕೈಕಾಲು ಎಳೆದು ಸಡಿಲಿಸಿ, ನೆಟ್ಟಗೆ ಕೂರಿಸಿದರೆ ಕೈ ಬಳಕೆಗೆ ಬಂದೀತು, ಮಾತೂ ಬಂದೀತು ಎಂದರು. "ಮೊದಲನೇ ವರ್ಷವೇ ಕರ್ಕೊಂಡು ಬಂದಿದ್ರೆ..." ಎಂದು ಪೆನ್ನು ತೆಗೆದರು. ಎಂಥ ಕುರ್ಚಿ ಬೇಕೆಂದು ಕಾಗದದಲ್ಲಿ ಚಿತ್ರ ಬರೆದುಕೊಟ್ಟರು.

ಆಚಾರ್ರು ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಎಂತ ಮಾರಾಯ್ತಿ, ಕಾಲಿನ ಮಧ್ಯೆ ಈ ಗೂಟ ಎಂತಕ್ಕೆ?"

ಮಂಡಿಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬರದಿರಲಿಕ್ಕೆ ಎಂದೆ. ಅವರು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆನ್ನು, ಸೊಂಟ ಗೇಣಿನಲ್ಲಿ ಅಳೆದರು. ಅವಳ ಜೊಲ್ಲು ಅಂಗಿಗೆ ಇಳಿದರೂ ಒರೆಸಿಕೊಳ್ಳಲಿಲ್ಲ. ಅವರು ಮಾಡಿಕೊಟ್ಟ ಕುರ್ಚಿಯಲ್ಲಿ ಕೂತ ದಿನವೇ ಅವಳು ನಮ್ಮ ಮುಖಗಳನ್ನು ಮೊದಲ ಸಲ ನೇರವಾಗಿ ನೋಡಿದ್ದು.

ಆರು ತುಂಬಿದಾಗ ಶಾಲೆಗೆ ಹಾಕಿದೆವು. "ಇವಳಿಗೆ ಎಂತ ಅರ್ಥ ಆಗ್ತದೆ?" ಎನ್ನುತ್ತಲೇ ಮೇಷ್ಟ್ರು ಸೇರಿಸಿಕೊಂಡರು. ಒಂದು ದಿನ ಕುರ್ಚಿಯ ಸ್ಕ್ರೂ ಬಿಗಿ ಮಾಡಲು ಆಚಾರ್ರು ನನ್ನ ಜೊತೆ ಬಂದರು. ಅಂದು ಶಾಲೆ ನೋಡಲು ಅಧಿಕಾರಿಗಳು ಬಂದಿದ್ದರು. ತರಗತಿಯಲ್ಲಿ ಮಗಳಿರಲಿಲ್ಲ. ಬಿಸಿಯೂಟದ ಅಕ್ಕಿ ಮೂಟೆ ಇಡುವ ಕೋಣೆಯಲ್ಲಿ ಅವಳನ್ನು ಕುರ್ಚಿ ಸಮೇತ ಇಟ್ಟು, ಬಾಗಿಲು ಎಳೆದಿದ್ದರು!

ಆಚಾರ್ರು ಅವಳನ್ನು ಎತ್ತಿಕೊಂಡು ನಡೆದರು. ನಾನು ಕುರ್ಚಿ ಹೊತ್ತು ಹಿಂದೆ ಹೋದೆ. ಅಧಿಕಾರಿಗಳ ಎದುರೇ ತರಗತಿಯ ನಡುವೆ ಅವಳನ್ನು ಕೂರಿಸಿ, "ಇದು ಮೂಟೆ ಅಲ್ಲ ಮೇಷ್ಟ್ರೇ, ಮಗು. ನಿಮ್ಮನೆ ಕೂಸಾದ್ರೆ ಹಿಂಗೆ ಮುಚ್ಚಿಡ್ತಿದ್ರಾ?" ಎಂದರು.

ಅಧಿಕಾರಿಯೊಬ್ಬರು ಗಡಿಯಾರ ನೋಡಿಕೊಂಡು ಹೊರಗೆ ಹೋದರು. ಉಳಿದವರೂ ಹೋದರು. ಅಷ್ಟೇ. ಮಗುವನ್ನು ಅಲ್ಲಿಟ್ಟದ್ದು ಯಾಕೆಂದು ಒಬ್ಬರೂ ಕೇಳಲಿಲ್ಲ.

ಮಾರನೆಯ ದಿನ ಮೇಷ್ಟ್ರು, "ಮನೇಲೇ ಇರ್ಲಿ ಬಿಡಿ, ಹಾಜರಿ ಹಾಕ್ತೇವೆ" ಎಂದರು. ನಾನು... ಒಪ್ಪಿಕೊಂಡೆ. ಸಾಲದೆಂದು "ನೀವು ಗಲಾಟೆ ಮಾಡಿದ್ದಕ್ಕೇ ಹಿಂಗಾಯ್ತು" ಎಂದು ಆಚಾರ್ರ ಮೇಲೆ ಹರಿಹಾಯ್ದೆ. ಬೈಯಬೇಕಾದವರ ಎದುರು ಬಾಯಿ ಬಿಡದೆ, ನಮ್ಮ ಪರ ನಿಂತವರನ್ನೇ ಬೈದೆ. ಆದರೂ ಅವರು ಮಗಳು ಬೆಳೆದಂತೆಲ್ಲ ಹೊಸ ಕುರ್ಚಿ ಮಾಡಿಕೊಡುವುದನ್ನು ಬಿಡಲಿಲ್ಲ. ತಪ್ಪಾಯಿತು ಎಂದು ನಾನು ಹೇಳುವ ಮೊದಲೇ ತೀರಿಕೊಂಡರು.

ಈಗ ಮಗಳಿಗೆ ಇಪ್ಪತ್ತು ದಾಟಿದೆ. ಮಾತು ನಿಧಾನ, ಎಳೆದೆಳೆದು ಆಡುತ್ತಾಳೆ. ಅಂದು ಶೃಂಗೇರಿಯಿಂದ ಮನೆಗೆ ಬಂದು ಆಚಾರ್ರ ವಿಷಯ ತೆಗೆದೆ. ಶಾಲೆಯ ಆ ದಿನ ಅವಳಿಗೆ ನೆನಪಿದ್ದೀತೆಂದು ನಾನು ಅಂದುಕೊಂಡಿರಲಿಲ್ಲ.

"ಬಾಗಿಲು ಹಾಕುವಾಗ... ಮೇಷ್ಟ್ರು ನಕ್ರು ಅಮ್ಮ," ಎಂದಳು. ಆಮೇಲೆ, "ಎತ್ಕೊಂಡು ಹೋಗುವಾಗ... ಆಚಾರ್ರು ಅಳ್ತಾ ಇದ್ರು."

ಹಿಂದೆ ಬರುತ್ತಿದ್ದ ನನಗೆ ಅದು ಕಂಡಿರಲಿಲ್ಲ.