ನಾಲ್ಕನೇ ಮೆಟ್ಟಿಲಿನ ಪದ

ಟೈಪ್ ಮೇಷ್ಟ್ರು ಯಾವ ಶಾಲೆಯಲ್ಲೂ ಒಂದು ದಿನವೂ ಪಾಠ ಮಾಡಿದವರಲ್ಲ. ಅಂಚೆ ಕಚೇರಿಯ ಪಕ್ಕದ ಓಣಿಯಲ್ಲಿ, ಬೀಗ ರಿಪೇರಿಯವನಿಗೂ ಕನ್ನಡಕದ ಅಂಗಡಿಗೂ ನಡುವೆ, ಒಂದು ಮೇಜು ಎರಡು ಕುರ್ಚಿ ಹಿಡಿಸುವಷ್ಟು ಜಾಗದಲ್ಲಿ ಕೂತು ಮೂವತ್ತೊಂದು ವರ್ಷ ಊರಿನವರ ದೂರುಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟವರು. ಮೇಲಿನವರಿಗೆ ಇಂಗ್ಲಿಷಿನಲ್ಲಿ ಬರೆದರೆ ಮಾತ್ರ ಕಿವಿ ಕೇಳಿಸುತ್ತದೆ ಎಂದು ಊರೇ ನಂಬಿತ್ತು. ಆ ನಂಬಿಕೆಯೇ ಮೇಷ್ಟ್ರ ಮನೆಯ ಒಲೆ ಉರಿಸಿದ್ದು.

ಬಂದವರು ಉರಿಯುತ್ತಲೇ ಬರುತ್ತಿದ್ದರು. ಕೊಂಡ ತಿಂಗಳಿಗೇ ಕೆಟ್ಟ ಫ್ರಿಜ್ಜು, ಸೋರುವ ಹೊಸ ಛಾವಣಿ, ಕಳೆದುಹೋದ ಪಾರ್ಸೆಲ್ಲು.

"ಅವ್ರ ಮನೆ ಹಾಳಾಗ ಅಂತ ಬರೀರಿ ಮೇಷ್ಟ್ರೇ."

ಮೇಷ್ಟ್ರು ತಲೆಯಾಡಿಸಿ 'ಐ ಆಮ್ ಡಿಸಪಾಯಿಂಟೆಡ್' ಎಂದು ಟೈಪ್ ಹೊಡೆಯುತ್ತಿದ್ದರು. ನನಗೆ ನಿರಾಸೆಯಾಗಿದೆ, ಅಷ್ಟೇ.

"ಇಷ್ಟೇನಾ? ಇದರಲ್ಲಿ ಖಾರಾನೇ ಇಲ್ವಲ್ಲ!"

"ಇದು ಮೊದಲ್ನೇ ಪತ್ರ ಕಣಪ್ಪ. ಇವತ್ತೇ ಎಲ್ಲಾ ಸುರಿದುಬಿಟ್ರೆ ನಾಳೆಗೆ ಏನು ಉಳಿಸ್ಕೊಳ್ತೀಯ?"

ಮೇಷ್ಟ್ರ ಲೆಕ್ಕದಲ್ಲಿ ನಿರಾಸೆಗೆ ಮೆಟ್ಟಿಲುಗಳಿದ್ದವು. ಎರಡನೇ ಪತ್ರಕ್ಕೆ 'ಡೀಪ್ಲಿ ಡಿಸಪಾಯಿಂಟೆಡ್'. 'ವೆರಿ' ಎಂಬ ಮಾತನ್ನು ಅವರು ಹತ್ತಿರ ಸೇರಿಸುತ್ತಿರಲಿಲ್ಲ. ಅದು ಹಾಲಿಗೆ ನೀರು ಬೆರೆಸಿದ ಹಾಗೆ ಅನ್ನುವರು. ಮೂರನೆಯದಕ್ಕೆ 'ಡಿಸ್‌ಹಾರ್ಟನ್ಡ್', ಎದೆಗುಂದಿದ್ದೇನೆ ಎಂದು. ನಾಲ್ಕನೆಯದಕ್ಕೆ 'ಡಿಸ್‌ಮೇಯ್ಡ್', ದಿಕ್ಕೆಟ್ಟಿದ್ದೇನೆ ಎಂದು. ಆ ಪದ ಬಂದರೆ ಯಾವ ಅಧಿಕಾರಿಯಾದರೂ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾನೆ ಎಂಬುದು ಮೇಷ್ಟ್ರ ಅನುಭವ. ಪತ್ರಕ್ಕೂ ಪತ್ರಕ್ಕೂ ನಡುವೆ ಇಪ್ಪತ್ತೊಂದು ದಿನ. ಅದಕ್ಕಿಂತ ಮುಂಚೆ ಯಾವ ಕಚೇರಿಯೂ ಮಗ್ಗುಲು ಬದಲಿಸುವುದಿಲ್ಲ.

ಇನ್ನೊಂದು ಕಟ್ಟಳೆಯಿತ್ತು. ಪತ್ರದಲ್ಲಿ ಮನೆಯ ಗೋಳು ಬರೆಯಕೂಡದು. ಹೆಂಡತಿ ಬಸುರಿ, ಅತ್ತೆಗೆ ಕಣ್ಣಿಲ್ಲ ಎಂದು ಯಾರಾದರೂ ಶುರು ಮಾಡಿದರೆ ಮೇಷ್ಟ್ರು ಕೈಯೆತ್ತಿ ತಡೆಯುತ್ತಿದ್ದರು. "ಅಳೋನ ಕಾಗದ ಕಟ್ಟಿನ ಅಡಿಗೆ ಹೋಗತ್ತೆ. ಬೆನ್ನು ನೆಟ್ಟಗಿಟ್ಕೊಂಡು ನಿರಾಸೆ ಆಯ್ತು ಅನ್ನೋನ ಕಾಗದ ಮೇಲೆ ಬರತ್ತೆ." ಫ್ರಿಜ್ಜುಗಳು ಬದಲಾದವು, ಪಾರ್ಸೆಲ್ಲುಗಳು ಮನೆಗೆ ಬಂದವು. ಮೇಷ್ಟ್ರ ಕೈಗುಣ ದೊಡ್ಡದು ಎಂದು ಜನ ಮೆಚ್ಚಿದರು. ಮೆಚ್ಚುಗೆ ಯಾರಿಗೆ ಬೇಡ? ಮೇಷ್ಟ್ರಿಗೂ ತಲೆಗೇರಿತು.

ಅವರ ಹೆಂಡತಿಯ ಹೃದಯದ ಕವಾಟ ಕೆಟ್ಟದ್ದು ಆಮೇಲೆ. ದೊಡ್ಡಾಸ್ಪತ್ರೆಯ ಡಾಕ್ಟರು ಆಪರೇಷನ್ ಆಗಲೇಬೇಕೆಂದರು. ದಿನ ಕೊಡುವುದು ಬೇರೆ ಕಟ್ಟಡದಲ್ಲಿದ್ದ ದಿನಾಂಕ ವಿಭಾಗದ ಕೆಲಸ. ಅವರು ಒಂದು ದಿನ ಕೊಟ್ಟರು, ಮುಂದಕ್ಕೆ ಹಾಕಿದರು. ಇನ್ನೊಂದು ಕೊಟ್ಟರು, ಅದನ್ನೂ ಮುಂದಕ್ಕೆ ಹಾಕಿದರು. ಅಷ್ಟರಲ್ಲಿ ಆಕೆ ಅಂಗಾತ ಮಲಗುವುದನ್ನು ಬಿಟ್ಟಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಮೂರು ದಿಂಬು ಒರಗಿಸಿ ಕೂತೇ ನಿದ್ದೆ ಮಾಡುವರು. ತಲೆ ಬಾಚುವಾಗ ನಡುವೆ ಕೈ ಇಳಿಸಿ ಸುಧಾರಿಸಿಕೊಳ್ಳುವರು.

"ರೀ, ಒಂದ್ಸಲ ಹೋಗಿ ಬಾಯಲ್ಲೇ ಕೇಳ್ಕೊಂಡು ಬನ್ನಿ" ಎಂದರು.

"ಬಾಯಿಮಾತು ಗಾಳಿಗೆ ಹೋಗತ್ತೆ ಕಣೇ. ಬರೆದದ್ದು ಫೈಲಲ್ಲಿ ಕೂರತ್ತೆ. ಯಾರ ಹೆಂಡ್ತಿ ನೀನು, ಸುಮ್ನಿರು."

ಮೊದಲ ಪತ್ರ ಹೋಯಿತು. ಇಪ್ಪತ್ತೊಂದು ದಿನಕ್ಕೆ ಎರಡನೆಯದು. ಅದಕ್ಕೆ ಉತ್ತರವೂ ಬಂತು, ತೊಂದರೆಗೆ ವಿಷಾದಿಸುತ್ತೇವೆ ಎಂದು ಒಂದೇ ಸಾಲು. ಮೇಷ್ಟ್ರು ಅದನ್ನು ಹೆಂಡತಿಯ ಕಣ್ಣ ಮುಂದೆ ಹಿಡಿದರು. "ನೋಡಿದ್ಯಾ? 'ರಿಗ್ರೆಟ್' ಅಂತ ಹಾಕಿದಾರೆ. ದಾರಿಗೆ ಬರ್ತಿದಾರೆ." ಆಕೆ ನಕ್ಕರು. ನಗುವುದಕ್ಕೂ ಉಸಿರು ಬೇಕಲ್ಲ, ಅರ್ಧಕ್ಕೇ ನಿಲ್ಲಿಸಿದರು.

ಹೊಲಿಗೆ ಕಾರ್ಖಾನೆಯಲ್ಲಿ ದುಡಿಯುವ ಮಗಳು ಭಾನುವಾರ ಬಂದವಳು ಅಮ್ಮನ ಊದಿದ ಕಾಲು ನೋಡಿ ಕಂಗಾಲಾದಳು. "ಅಪ್ಪ, ನಾಳೆ ರಜ ಹಾಕಿ ಹೋಗಿ ಅಲ್ಲೇ ಕೂತ್ಬಿಡ್ತೀನಿ. ಕೂಗಾಡ್ತೀನಿ."

"ಕೆಲ್ಸ ಕೆಡಿಸ್ಬೇಡ ಮಾರಾಯ್ತಿ. ಮೂರನೇ ಪತ್ರ ಹೋಗಿದೆ. ಇನ್ನು ಒಂದೇ ಮೆಟ್ಟಿಲು."

ಅಪ್ಪನ ಮಾತಿನ ಮೇಲೆ ಅವಳಿಗೂ ಭರವಸೆಯಿತ್ತು. ಸುಮ್ಮನಾದಳು.

ನಾಲ್ಕನೇ ಪತ್ರವನ್ನು ಮೇಷ್ಟ್ರು ಎರಡು ದಿನ ಕೂತು ತಿದ್ದಿದರು. 'ಡಿಸ್‌ಮೇಯ್ಡ್' ಎಂಬುದನ್ನು ಮೊದಲ ಸಾಲಿನಲ್ಲಿ ಇಡುವುದೋ ಕೊನೆಯ ಸಾಲಿನಲ್ಲಿ ಇಡುವುದೋ ಎಂದು ತಲೆ ಕೆಡಿಸಿಕೊಂಡು, ಕೊನೆಗೆ ಕೊನೆಯಲ್ಲೇ ಇಟ್ಟರು. ಲಕೋಟೆಗೆ ಹಾಕಿ ಅಂಟಿಸಿದರು. ಅಂದು ಹತ್ತೊಂಬತ್ತನೇ ದಿನ. ಇನ್ನೆರಡು ದಿನ ತಡೆಯೋಣ, ಅವಸರ ತೋರಿಸಿದರೆ ಪತ್ರದ ತೂಕ ಹೋಗುತ್ತದೆ ಎಂದುಕೊಂಡರು. ಇಪ್ಪತ್ತನೇ ದಿನ ಬೆಳಗ್ಗೆ ಆಕೆ ಬಚ್ಚಲಮನೆಯ ನಲ್ಲಿಯ ಹತ್ತಿರ ಗೋಡೆ ಹಿಡಿದು ನಿಂತವರು ಹಾಗೇ ಕುಸಿದರು. ಮೇಷ್ಟ್ರು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಲ್ಲಿ ಮಾತ್ರ ಸುರಿಯುತ್ತಿತ್ತು.

ಎರಡು ವಾರ ಕಳೆದ ಮೇಲೆ ಪಟ್ಟಿಯಿಂದ ಹೆಸರು ತೆಗೆಸಲು ಅವರು ದಿನಾಂಕ ವಿಭಾಗಕ್ಕೆ ಹೋದರು, ಮೊಟ್ಟಮೊದಲ ಸಲ. ಎರಡು ಬಸ್ಸು ಬದಲಿಸಿದರೆ ಮುಕ್ಕಾಲು ಗಂಟೆಯ ದಾರಿ. ಕಿಟಕಿಯ ಹಿಂದಿದ್ದ ಹೆಂಗಸು ಫೈಲು ತೆಗೆದರು. ಮೂರು ಪತ್ರಗಳೂ ಅದರಲ್ಲಿದ್ದವು.

"ಇವನ್ನ ಬರೆದೋರು ನೀವೇನಾ ಸಾರ್? ಇಂಥ ಇಂಗ್ಲಿಷು ನಮ್ಗೆ ಬರೋದೇ ಇಲ್ಲ. ನಮ್ಮ ಮೇಡಮ್ಮು ಎಲ್ರಿಗೂ ಓದಿ ತೋರಿಸಿದ್ರು."

ಮೇಷ್ಟ್ರಿಗೆ ಅರೆಗಳಿಗೆ ಹಿಗ್ಗಾಯಿತು. ಹಿಗ್ಗಾಯಿತಲ್ಲ ಎಂದು ಮರುಗಳಿಗೆಯಲ್ಲೇ ತಮ್ಮ ಮೇಲೇ ಹೇಸಿಗೆಯಾಯಿತು.

ಆಕೆ ದನಿ ತಗ್ಗಿಸಿ ಕೇಳಿದರು. "ಅಮ್ಮನೋರಿಗೆ ಕೊನೇಲಿ ತುಂಬ ಕಷ್ಟ ಆಯ್ತಾ?"

"ಮೂರು ತಿಂಗ್ಳಿಂದ ಕೂತೇ ಮಲಗ್ತಿದ್ಳು. ಮಲಗಿದ್ರೆ ಉಸಿರು ಸಿಕ್ತಿರ್ಲಿಲ್ಲ."

ಆಕೆಯ ಕೈ ಫೈಲಿನ ಮೇಲೇ ನಿಂತಿತು. "ಹಾಗಂತ ಹೇಳ್ಬಾರ್ದಿತ್ತಾ ಸಾರ್? ಉಸಿರಾಡಕ್ಕಾಗ್ದೋರಿಗೆ ಬೇರೆ ಪಟ್ಟಿ ಇದೆ. ವಾರದೊಳಗೆ ಕರ್ಸ್ಕೊಳ್ತೀವಿ. ಬಂದು ಒಂದು ಮಾತು ಹೇಳಿದ್ರೂ ಸಾಕಿತ್ತು. ನಾವು ನಿಮ್ದು ಬರೀ ದೂರು ಅಂದ್ಕೊಂಡ್ವಿ."

ಮೇಷ್ಟ್ರು ಪತ್ರಗಳನ್ನು ಕೇಳಿ ತೆಗೆದುಕೊಂಡು ಕಿಟಕಿಯ ಮುಂದೆ ನಿಂತೇ ಓದಿದರು. ಹಿಂದಿನವರು ಸರಿಯಪ್ಪ ಎಂದು ಗೊಣಗಿದರೂ ಸರಿಯಲಿಲ್ಲ. ಒಂದು ತಪ್ಪಿಲ್ಲ, ಒಂದು ಅಲ್ಪವಿರಾಮ ಆಚೀಚೆಯಿಲ್ಲ. ತನ್ನ ನಿರಾಸೆ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು ಎಂಬುದೆಲ್ಲ ಇತ್ತು. ಅವಳ ಉಸಿರಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮನೆಗೆ ಬಂದಾಗ ಮಗಳು ಅಮ್ಮನ ಸೀರೆಗಳನ್ನು ಮಡಿಸುತ್ತಿದ್ದಳು.

"ಏನಂದ್ರಪ್ಪ?"

ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿಮಾಡಿಕೊಂಡಿದ್ದರು. ಅವಳ ಮುಖ ನೋಡಿದರು.

"ಪತ್ರ ತುಂಬ ಚೆನ್ನಾಗಿತ್ತಂತೆ."

ಮಗಳು ಸೀರೆ ಬಿಟ್ಟೆದ್ದು ಬಂದು ಪಕ್ಕದಲ್ಲಿ ಕೂತು ಅಪ್ಪನ ಕೈ ಹಿಡಿದಳು. "ಕೊರಗ್ಬೇಡ ಅಪ್ಪ. ನಿನ್ ಕೈಲಾಗೋದೆಲ್ಲ ನೀನು ಮಾಡ್ದೆ."

ಮೇಷ್ಟ್ರು ಹೂಂ ಅಂದರು.